ಸಮಿತಿಯಿಂದ ಎದ್ದ ಮೇಡಂ

ಕಚೇರಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಮೋಡಪ್ಪ ಎಂದು. ಕ್ಲೌಡ್ ಎಂಜಿನಿಯರ್ ಅಲ್ಲವೇ, ಜನರ ಬಾಯಿಗೆ ಬೀಗ ಹಾಕುವವರಾರು? ಜನನ ಪ್ರಮಾಣಪತ್ರದ ವೆಬ್‌ಸೈಟ್ ಕುಸಿದು, ತಾಯಂದಿರು ಮಕ್ಕಳನ್ನು ಹೊತ್ತು ಕೌಂಟರಿನ ಮುಂದೆ ಸಾಲು ನಿಂತಿದ್ದಾಗ ಅದನ್ನು ಎಬ್ಬಿಸಿ ನಿಲ್ಲಿಸಿದ ಪುಣ್ಯಾತ್ಮ. ಆದರೂ ಗುತ್ತಿಗೆ ಮುಗಿದರೆ ಮುಗಿಯಿತು. ಸರ್ಕಾರಿ ನಿಯಮ, ಮತ್ತೆ ಅರ್ಜಿ, ಮತ್ತೆ ಸಂದರ್ಶನ.

ಆಯ್ಕೆ ಸಮಿತಿಯ ಮೂವರಲ್ಲಿ ಒಬ್ಬಳು ಅವನ ಮೇಲಧಿಕಾರಿ, ಎಲ್ಲರ ಬಾಯಲ್ಲೂ ಮೇಡಂ. ಉಳಿದಿಬ್ಬರು ನಿರ್ದೇಶಕರು, ಲೆಕ್ಕಾಧಿಕಾರಿ. ಕೊನೆಯ ಅಭ್ಯರ್ಥಿಯಾಗಿ ಅವನು ಬಂದು ಕುಳಿತ. ಅವಳನ್ನು ಕದ್ದು ನೋಡಿದ. ಅವಳು ಪೆನ್ನಿನ ಕ್ಯಾಪ್ ನೋಡಿದಳು. ಅವನು ಕಣ್ಣು ತಗ್ಗಿಸಿದೊಡನೆ ಕದ್ದು ನೋಡುವ ಸರದಿ ಅವಳದು.

"ಅಭ್ಯರ್ಥಿ ಯಾರಿಗಾದ್ರೂ ಸಂಬಂಧಿಕರಾ, ಆತ್ಮೀಯರಾ? ಕೇಳ್ಬೇಕು, ನಿಯಮ," ನಿರ್ದೇಶಕರು ಆಕಳಿಸಿದರು.

ಅವಳು ಪೆನ್ನಿಗೆ ಕ್ಯಾಪ್ ಹಾಕಿದಳು. ಇಬ್ಬರ ನಡುವೆ ಏನೂ ನಡೆದಿರಲಿಲ್ಲ. ಕ್ಯಾಂಟೀನಿನ ಒಂದೇ ಟೇಬಲ್, ಹಂಚಿ ತಿಂದ ಡಬ್ಬಿ, ನಾಲಗೆಯ ತುದಿಗೆ ಬಂದು ಹಿಂದಿರುಗಿದ ಮಾತು, ಅಷ್ಟೇ. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಎದ್ದರೆ ಅವನ ಕೆಲಸಕ್ಕೇ ಸಂಚಕಾರ. ಲೆಕ್ಕಾಧಿಕಾರಿಗೆ ಇನ್ನೊಬ್ಬ ಅಭ್ಯರ್ಥಿಯ ಮೇಲೆ ಒಲವು. ಆದರೆ ಇಷ್ಟೊಂದು ಪ್ರೀತಿ ಇಟ್ಟುಕೊಂಡು ಅಂಕ ಹಾಕುವುದು ಹೇಗೆ?

"ನಾನು ಈ ಸಮಿತೀಲಿ ಕೂರೋಕಾಗಲ್ಲ ಸರ್."

"ಯಾಕಮ್ಮ, ಸಂಬಂಧಿಕರಾ?"

"ಇನ್ನೂ ಆಗಿಲ್ಲ."

ಲೆಕ್ಕಾಧಿಕಾರಿಯ ಟೀ ಲೋಟ ತುಟಿಯ ಬಳಿಯೇ ನಿಂತಿತು. ಮೋಡಪ್ಪನ ಕಿವಿ ಕೆಂಪಾಯಿತು. ಅವಳು ಹೊರಗೆ ಬಂದು ಬೆಂಚಿನ ಮೇಲೆ ಕುಳಿತಳು.

ಬೆನ್ನಿಗೇ ಅವನೂ ಬಂದ.

"ಅಯ್ಯೋ, ನೀವ್ಯಾಕೆ ಎದ್ದು ಬಂದ್ರಿ?"

"ಒಂದು ನಿಮಿಷ ಕೇಳ್ಕೊಂಡು ಬಂದೆ. ಹೇಳಿದ್ದು ನಿಜಾನಾ?"

"ಅಷ್ಟು ಜನರ ಮುಂದೆ ಸುಳ್ಳು ಹೇಳ್ತೀನಾ?"

"ನಂಗೂ ನೀವಂದ್ರೆ ತುಂಬಾ ಇಷ್ಟ. ಮೇಡಂ, ಮೇಡಂ ಅಂತ ಕರೆದೂ ಕರೆದೂ ಧೈರ್ಯವೇ ಬರ್ಲಿಲ್ಲ."

ಅವನ ಕಾಲರ್ ಒಂದು ಕಡೆ ಮಡಚಿಕೊಂಡಿತ್ತು. ಅವಳು ಅದನ್ನು ಸರಿಮಾಡಿದಳು. "ಮೊದಲು ಒಳಗೆ ಹೋಗಿ. ಸಂದರ್ಶನ ಬಿಟ್ಟು ಓಡಿಬಂದ ಅಳಿಯನನ್ನ ನಮ್ಮಮ್ಮ ಒಪ್ಪಲ್ಲ."

ಅವನು ನಗುತ್ತ ಹೋದ. ಅವಳು ಉಗುರು ಕಚ್ಚುತ್ತ ಕುಳಿತಳು. ಕೆಲಸ ಹೋದರೆ ತನ್ನಿಂದಲೇ ಹೋದಂತೆ ಎಂಬ ಯೋಚನೆ ಬಿಡಲಿಲ್ಲ.

ಕಡೆಗೂ ಬಾಗಿಲು ತೆರೆಯಿತು. ನಿರ್ದೇಶಕರು, ಹಿಂದೆ ಲೆಕ್ಕಾಧಿಕಾರಿ, ಅವರ ಹಿಂದೆ ಹಲ್ಲು ಕಾಣುವಷ್ಟು ನಗುತ್ತಿದ್ದ ಮೋಡಪ್ಪ.

"ಆಯ್ಕೆ ಆಗಿದಾರಮ್ಮ. ವೆಬ್‌ಸೈಟ್ ಬಿದ್ರೆ ಏನ್ಮಾಡ್ತೀರಿ ಅಂದ್ರೆ, ಮಾಡಿದ್ದನ್ನೇ ಹೇಳಿದ್ರು, ಲೆಕ್ಕಾಧಿಕಾರಿಗಳೂ ಒಪ್ಪಿದ್ರು. ಆದ್ರೆ ಇನ್ಮೇಲೆ ನಿಮ್ಮ ಕೈಕೆಳಗೆ ಇರೋ ಹಾಗಿಲ್ಲ, ಬೇರೆ ವಿಭಾಗ," ಎಂದರು ನಿರ್ದೇಶಕರು.

ಎಂದೂ ನಗದ ಲೆಕ್ಕಾಧಿಕಾರಿ ಕನ್ನಡಕ ಒರೆಸಿಕೊಂಡರು.

"ಅದು ಕಚೇರೀಲಿ ಮಾತ್ರ. ಮನೇಲಿ ಯಾರ ಕೈಕೆಳಗೆ ಯಾರು ಅನ್ನೋದು ಸಮಿತಿ ವ್ಯಾಪ್ತಿಗೆ ಬರಲ್ಲ."