ಮರದಪುಡಿಯ ರಂಗೋಲಿ

"ಅಯ್ಯೋ, ಅಮ್ಮಾ!"

ಗುಡುಗಿದ್ದು ಆಕಾಶವಲ್ಲ, ಬೆಟ್ಟ. ಸ್ಪಂದನಾ ಗೋಡೆಗೆ ಆತು ನಿಂತಳು. ಹಂಚಿನ ಮಾಡುಗಳ ಆಚೆ ಜ್ವಾಲಾಮುಖಿ ಬೂದಿ ಬಣ್ಣದ ಉಸಿರು ಬಿಟ್ಟು ಸುಮ್ಮನಾಯಿತು.

"ಕನ್ನಡದವರಾ?!" ಹಿಂದಿನಿಂದ ಒಂದು ದನಿ.

ಎದೆ ಇನ್ನೊಮ್ಮೆ ಹಾರಿತು. ಗ್ವಾಟೆಮಾಲಾದ ಈ ಆಂಟಿಗ್ವಾದಲ್ಲಿ ಕನ್ನಡ!

ಅವನ ಹೆಸರು ಗಿರಿಧರ್. ಟೊರೆನ್ಸ್‌ನಲ್ಲಿ ವಿಮಾನದ ಬಿಡಿಭಾಗಗಳ ಇಂಜಿನಿಯರ್. ಅವಳು ಅಲ್ಲಿಂದ ಎರಡು ಗಂಟೆ ದಾರಿಯ ಸ್ಯಾನ್ ಡಿಯಾಗೋದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಇಬ್ಬರೂ ಈಸ್ಟರ್ ರಜೆಗೆ ಒಬ್ಬೊಬ್ಬರೇ ಬಂದಿದ್ದರು.

ಸ್ಪೇನಿನವರು ಕಟ್ಟಿ, ಭೂಕಂಪ ಕೆಡವಿದ ಊರು. ಎರಡು ದಿನ ಇಬ್ಬರೂ ಸೂರಿಲ್ಲದ ಚರ್ಚುಗಳಲ್ಲಿ ಅಲೆದರು. ಅವನ ಮಾತು ಕಡಿಮೆ. ಅದೇ ಅವಳಿಗೆ ಹಿಡಿಸಿತು.

"ಇಲ್ಲಿ ಯಾರೋ ಇದಾರೆ ಅನ್ಸುತ್ತಲ್ವಾ?" ಎಂದ ಒಮ್ಮೆ.

ಇದ್ದಾರೆ... ನನ್ನ ಜೊತೆಗೇ ಬಂದಿದ್ದಾರೆ ಎಂದುಕೊಂಡಳು. ಹೇಳಲಿಲ್ಲ.

ಅಮ್ಮ ತೀರಿಕೊಂಡು ಮೂರು ವರ್ಷ. ಅಂದಿನಿಂದ ಸ್ಯಾನ್ ಡಿಯಾಗೋದ ಅವಳ ಅಪಾರ್ಟ್‌ಮೆಂಟ್ ಬಾಗಿಲಾಚೆ ದಿನಾ ಬೆಳಗ್ಗೆ ನೀರು ಚಿಮುಕಿಸುವ ಸದ್ದು, ಗಾಜಿನ ಬಳೆಗಳ ಸದ್ದು. ತೆರೆದರೆ ಖಾಲಿ ಕಾರಿಡಾರ್!

ಶುಕ್ರವಾರ ಚರ್ಚಿನ ಮೆರವಣಿಗೆಗೆಂದು ಬೀದಿಯವರೆಲ್ಲ ಕಲ್ಲುಹಾಸಿನ ಮೇಲೆ ಬಣ್ಣದ ಮರದಪುಡಿಯಲ್ಲಿ ಚಿತ್ತಾರ ಹಾಕುತ್ತಿದ್ದರು. ಗಿರಿಧರ್ ನೇರಳೆ ಪುಡಿ ತುಂಬಿದ ಅಂಗೈ ಚಾಚಿದ.

"ತಗೊಳ್ರಿ, ಥೇಟ್ ನಮ್ಮ ರಂಗೋಲಿ! ಒಂದು ಎಳೆ ಎಳೀರಿ."

ಕಿವಿಯ ಹಿಂದೆಯೇ ಬಳೆ ಸದ್ದಾಯಿತು.

ಅವಳು ಆ ಕೈಯನ್ನು ತಳ್ಳಿಬಿಟ್ಟಳು. "ಬೇಡ! ಹೋಗಿ ಇಲ್ಲಿಂದ!"

ಅವನ ಮುಖ ಬಿಳಿಚಿಕೊಂಡಿತು. ಸಂಜೆ ಮೆಸೇಜ್ ಬಂತು. 'ಸಲಿಗೆ ಜಾಸ್ತಿ ಆಯ್ತು, ಸಾರಿ. ಇನ್ನು ತೊಂದ್ರೆ ಕೊಡಲ್ಲ.'

ನಿಮ್ಮ ತಪ್ಪಲ್ಲ ಎಂದು ಬರೆಯಲು ಬೆರಳೇ ಏಳಲಿಲ್ಲ.

ಮನೆಗೆ ಮರಳಿದ ಮೇಲೆ ಬಾಗಿಲಾಚೆಯ ಸದ್ದೂ ನಿಂತಿತು. ಆ ಮೌನ ಬಳೆಗಳಿಗಿಂತ ಭಯಂಕರವಾಗಿತ್ತು. ಅಮ್ಮನನ್ನೂ ತಳ್ಳಿಬಿಟ್ಟೆನಾ? ಅವನ ಜೊತೆಗೇ?

ಹದಿನೈದು ದಿನ ತಡೆದಳು. ಆಮೇಲೆ ಅಡ್ರೆಸ್ ಕೇಳಿ, ಟೊರೆನ್ಸ್‌ಗೆ ಡ್ರೈವ್ ಮಾಡಿಕೊಂಡು ಹೋದಳು.

ಅವನು ಕಾಫಿ ಲೋಟ ಹಿಡಿದೇ ಬಾಗಿಲು ತೆರೆದ. "ಬೈಯೋಕೆ ಇಷ್ಟು ದೂರ ಬಂದ್ರಾ?"

"ಅಮ್ಮ ಹೋದಾಗ ನನ್ನ ವೀಸಾ ಸ್ಟ್ಯಾಂಪ್ ಮುಗಿದಿತ್ತು. ಹೋದ್ರೆ ವಾಪಸ್ ಬರೋಕಾಗಲ್ಲ ಅಂತ ಹೆದ್ರಿ... ಹೋಗ್ಲೇ ಇಲ್ಲ. ಹೊಸ ಸ್ಟ್ಯಾಂಪ್ ಸಿಗೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಸಾವಾದ ಮನೇಲಿ ವರ್ಷ ತುಂಬೋವರೆಗೂ ರಂಗೋಲಿ ಹಾಕಲ್ಲ. ಊರಲ್ಲಿ ಅಪ್ಪ ವರ್ಷದ ತಿಥಿ ಮಾಡಿ ಮುಗಿಸಿದ್ರು. ನಂಗೆ ಮಾತ್ರ ಆ ವರ್ಷ ತುಂಬ್ಲೇ ಇಲ್ಲ ಗಿರಿಧರ್!"

ಅವನು ಒಳಗೆ ಹೋಗಿ ಅಕ್ಕಿಹಿಟ್ಟಿನ ಡಬ್ಬಿ ತಂದು ಹೊಸ್ತಿಲ ಮೇಲಿಟ್ಟ.

"ಇಲ್ಲಿ ಹಾಕ್ತೀರಾ? ಅಪಾರ್ಟ್‌ಮೆಂಟ್ ಮ್ಯಾನೇಜರ್ ಬೈದ್ರೆ ನಾನು ನೋಡ್ಕೋತೀನಿ."

ಅವಳು ಅಳುತ್ತಲೇ ನಕ್ಕಳು. ಮೊಣಕಾಲೂರಿದಳು. ಮೊದಲ ಎಳೆ ಸೊಟ್ಟಗೆ ಬಂತು. ಎರಡನೆಯದು ನೆಟ್ಟಗೆ.

"ನಿಮ್ಮ ಬಳೆ ಸದ್ದು ಚೆನ್ನಾಗಿದೆ" ಎಂದ ಅವನು, ಮೆಲ್ಲಗೆ.

ಅವಳ ಕೈ ನಿಂತಿತು. ಎರಡೂ ತೋಳು ಮೇಲೆತ್ತಿ ತೋರಿಸಿದಳು. ಬರಿಗೈ. "ಅದು ಅಮ್ಮನ ಬಳೆ" ಎಂದಳು.

ಅವನು ಖಾಲಿ ಕಾರಿಡಾರ್ ನೋಡಿದ, ಅವಳನ್ನು ನೋಡಿದ. ಓಡಲಿಲ್ಲ. ಪಕ್ಕದಲ್ಲೇ ಮಂಡಿಯೂರಿ ಹಿಟ್ಟು ಮೆತ್ತಿದ ಅವಳ ಬೆರಳು ಹಿಡಿದ.

"ಅಮ್ಮ... ನನ್ನ ಒಪ್ಪಿದ್ರಾ?"

"ಹ್ಞೂಂ" ಎಂದಳು ಸ್ಪಂದನಾ. "ನೀನು?"