ಖಾಲಿ ಪೆಟ್ಟಿಗೆಗಳ ಕೆಳಗೆ

ರಾತ್ರಿ 11.40. ಠಾಣೆಯ ಗಾಜಿನ ಬಾಗಿಲಿಗೆ ಬೀಗದ ಕೈಗೊಂಚಲು ತಾಗಿದ ಸಣ್ಣ ಸದ್ದಾಯಿತು. ಒಳಗೆ ಬರಲೋ ಬೇಡವೋ ಎಂದು ಒಬ್ಬ ಹೆಂಗಸು ನಿಂತಿದ್ದಳು. ಇನ್‌ಸ್ಪೆಕ್ಟರ್ ತಾನೇ ಎದ್ದು ಹೋಗಿ ಬಾಗಿಲು ತೆಗೆದಳು.

ಬಂದಾಕೆ ಕೃತಕ ಕಾಲು ತಯಾರಿಸುವ ಕಾರ್ಖಾನೆಯ ಒಡತಿ. ಮಂಡಿಯ ಕೀಲುಗಳು ಹೊರದೇಶದಿಂದ ಹಡಗಿನಲ್ಲಿ ಬಂದು, ಬಂದರಿನಿಂದ ರೈಲಿನಲ್ಲಿ ಊರಾಚೆಯ ಒಣ ಬಂದರಿಗೆ, ಅಂದರೆ ಕಂಟೇನರ್ ಪೆಟ್ಟಿಗೆಗಳನ್ನು ಇಳಿಸಿಡುವ ಯಾರ್ಡಿಗೆ, ಬರುತ್ತಿದ್ದವು. ಐದು ದಿನದೊಳಗೆ ಪೆಟ್ಟಿಗೆ ಬಿಡಿಸಿಕೊಳ್ಳಬೇಕು. ಆರನೇ ದಿನದಿಂದ ಸರ್‌ಚಾರ್ಜ್ ಏರುತ್ತ ಹೋಗುತ್ತದೆ.

"ಇನ್ನು ಇಪ್ಪತ್ತು ನಿಮಿಷಕ್ಕೆ ಐದನೇ ದಿನ ಮುಗಿಯುತ್ತೆ ಮೇಡಂ. ಬೆಳಿಗ್ಗೆಯಿಂದ ಪೆಟ್ಟಿಗೆ ಸಿಕ್ತಿಲ್ಲ ಅಂತಾರೆ. ನಾಳೆ ತಾನಾಗೇ ಸಿಗುತ್ತೆ ನೋಡಿ. ಇದು ಮೂರನೇ ಸಲ."

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ. ನನ್ನ ತಮ್ಮನೇ ಅಲ್ಲಿ ಯಾರ್ಡ್ ಗುಮಾಸ್ತ. ಪಾಪ, ಅವನೂ ಹುಡುಕಿ ಹುಡುಕಿ ಸುಸ್ತಾಗಿದ್ದಾನೆ."

"ಈ ಸಲವೂ ಸರ್‌ಚಾರ್ಜ್ ಕಟ್ಟಬೇಕಾದ್ರೆ?"

"ಆಗಲ್ಲ. ಸರಕು ಹರಾಜಿಗೆ ಹೋಗುತ್ತೆ, ಕಾರ್ಖಾನೆ ಮುಚ್ಚುತ್ತೆ."

12.15ಕ್ಕೆ ಎಫ್‌ಐಆರ್ ಆಯಿತು.

ಬೆಳಿಗ್ಗೆ ಏಳಕ್ಕೆ ಯಾರ್ಡಿನಲ್ಲಿ ಪಂಚನಾಮೆ. ಕಂಪ್ಯೂಟರ್ ಹನ್ನೊಂದನೇ ಸಾಲು ಎಂದಿತು. ಅಲ್ಲಿರಲಿಲ್ಲ. ಕಾನ್‌ಸ್ಟೇಬಲ್ ಸಾಲು ಸಾಲಾಗಿ ನಂಬರ್ ಓದುತ್ತ ಹೋಗಿ, ಏಳನೆಯದರಲ್ಲಿ ಕೈ ಎತ್ತಿದ. ಪೆಟ್ಟಿಗೆ ಇತ್ತು, ಮೂರು ಖಾಲಿ ಪೆಟ್ಟಿಗೆಗಳ ಅಡಿಯಲ್ಲಿ.

ಎಲ್ಲರೂ ಕೊಕ್ಕರೆ ಎಂದು ಕರೆಯುವ ವಯಸ್ಸಾದ ಕ್ರೇನ್ ಚಾಲಕ ಕೆಳಗಿಳಿದು ಬಂದ.

"ಇಟ್ಟಿದ್ದು ನಾನೇ ಮೇಡಂ. ಭರ್ತಿ ಮೇಲೆ ಖಾಲಿ ಇಡೋದಂದ್ರೆ ಬಾಗಿಲಿಗೆ ಅಡ್ಡ ಮಂಚ ಹಾಕಿದ ಹಾಗೆ. ಖಾಲಿಗೆ ಬೇರೆ ಜಾಗವೇ ಇದೆ."

"ಗೊತ್ತಿದ್ದೂ ಇಟ್ಟಿರಾ?"

"ಎತ್ತು ಅಂದ್ರೆ ಎತ್ತಬೇಕು. ಕ್ರಮ ತಪ್ಪಿಸಿದಾಗ ಮಾತ್ರ ಹೇಳಿದವರ ಕೈಲಿ ಚೀಟಿ ಬರೆಸ್ಕೋತೀನಿ. ನಾಳೆ ಎಲ್ಲಾ ಈ ಬೋಳು ತಲೆ ಮೇಲೇ ತಾನೆ ಬೀಳೋದು?"

ಕ್ಯಾಬಿನ್ನಿನ ತಗಡಿನ ಡಬ್ಬಿಯಿಂದ ಮೂರು ಚೀಟಿ ಬಂದವು. ಮೂರು ಸಲದ ತಾರೀಖೂ ತಾಳೆಯಾಯಿತು. ಕೆಳಗಿನ ಸಹಿಯನ್ನು ಇನ್‌ಸ್ಪೆಕ್ಟರ್ ಯಾರ್ಡ್ ರಿಜಿಸ್ಟರಿನೊಂದಿಗೆ ಎರಡು ಬಾರಿ ಹೋಲಿಸಿದಳು. ತನ್ನ ಕಣ್ಣೇ ತಪ್ಪಿರಬಾರದೇಕೆ ಎಂದು ಮತ್ತೊಮ್ಮೆ. ಅದು ಒಡತಿಯ ತಮ್ಮನ ಸಹಿ.

ಸಂಜೆ ನಾಲ್ಕಕ್ಕೆ ತಮ್ಮನ ವಿಚಾರಣೆ.

"ಯಾರು ದುಡ್ಡು ಕೊಟ್ಟರು?"

"ಯಾರೂ ಇಲ್ಲ."

"ಮತ್ತೆ?"

"ಅಕ್ಕ ಕಾರ್ಖಾನೆಗೆ ಅಂತ ಮನೆ ಪತ್ರ ಅಡವಿಟ್ಟಿದ್ದಾಳೆ. ಅಮ್ಮನಿಗೆ ಗೊತ್ತಿಲ್ಲ. ಬ್ಯಾಂಕಿನ ಕಾಗದ ನನ್ನ ಕೈಗೆ ಸಿಕ್ತು. ಎರಡು ಪೆಟ್ಟು ಬಿದ್ರೆ, ಸಾಲ ಬೆಳೆಯೋ ಮುಂಚೆ ಕಾರ್ಖಾನೆ ಕೈಬಿಡ್ತಾಳೆ ಅಂದ್ಕೊಂಡೆ. ಅವಳು ಬಿಡೋ ಪೈಕಿ ಅಲ್ಲ."

"ಸರಕು ಹರಾಜಾಗಿದ್ರೆ ಮನೆಯೂ ಹೋಗ್ತಿತ್ತಲ್ಲ?"

"ಹೂಂ. ಅದು ನಿನ್ನೆ ಹೊಳೀತು. ಪೆಟ್ಟಿಗೆ ತೆಗೆಸೋಣ ಅಂತ ಹೋದೆ. ಕ್ರೇನ್ ಬೇರೆ ಕೆಲಸಕ್ಕೆ ಹೋಗಿತ್ತು."

5.20ಕ್ಕೆ ದಸ್ತಗಿರಿ. ಪಂಚನಾಮೆಯ ಪ್ರತಿ ಒಣ ಬಂದರಿನ ಕಚೇರಿ ಮುಟ್ಟಿದ ಮೇಲೆ ಆರನೇ ದಿನದ ಸರ್‌ಚಾರ್ಜ್ ಮನ್ನಾ ಆಯಿತು; ಪೆಟ್ಟಿಗೆ ಹೊರಬಿತ್ತು.

ಮರುದಿನ ಬೆಳಿಗ್ಗೆ ಅಕ್ಕ ಠಾಣೆಗೆ ಬಂದಳು. ಇನ್‌ಸ್ಪೆಕ್ಟರ್ ತಮ್ಮನ ಹೇಳಿಕೆ ಓದಿ ಹೇಳಿದಳು.

"ಲಂಚ ತಿಂದ ಅಂತ ಬೀದಿಯೆಲ್ಲ ಮಾತಾಡ್ತಿದೆ. ಅಮ್ಮನೂ ಹಾಗೇ ಅಂದ್ಕೊಂಡು ಅಳ್ತಿದ್ದಾಳೆ."

"ನಿಜವಾದ ಕಾರಣ ಹೇಳಿದ್ರೆ ಸ್ವಲ್ಪ ಸಮಾಧಾನ ಆಗಬಹುದು."

"ಹೇಳಿದ್ರೆ, ಮನೆ ಪತ್ರ ಎಲ್ಲಿ ಅಂತ ಕೇಳ್ತಾಳೆ."

ಆಕೆ ಚೀಲ ಹೆಗಲಿಗೇರಿಸಿಕೊಂಡು ಬಾಗಿಲವರೆಗೆ ನಡೆದು, ತಿರುಗದೆ ಹೇಳಿದಳು.

"ಲಂಚ ತಿಂದ ಅಂತಲೇ ಇರಲಿ ಬಿಡಿ. ನಿಜ ಕಾರಣ ನಾನು ಯಾರಿಗೂ ಹೇಳಲ್ಲ."