ಕುಣಿಕೆಯಲ್ಲೇ ಉಳಿದ ಕೌಬಾಯ್

ಟಾಕೀಸಿನ ಕಸ ಗುಡಿಸುವ ಚೌಡಕ್ಕ ಚಿಲಕ ತೆಗೆದಳು. ಒಳಗಿದ್ದ ನಾಗೇಂದ್ರಪ್ಪ ಅವಳ ಕಾಲ ಮೇಲೇ ಕುಸಿದರು.

ಚನ್ನಗಿರಿಯ ಮುಚ್ಚಿದ ಟಾಕೀಸು. ಪ್ರೊಜೆಕ್ಟರ್ ಕ್ಯಾಬಿನ್ನಿನ ಪಕ್ಕ ರೀಲು ಸುತ್ತುವ ಪುಟ್ಟ ಕೋಣೆ. ಮೇಲೆ ತಗಡು, ಕಿಟಕಿಯಿಲ್ಲ. ಏಪ್ರಿಲ್ ಬಿಸಿಲಲ್ಲಿ ಎಪ್ಪತ್ತೈದರ ಆಪರೇಟರನ್ನು ಅಲ್ಲಿ ಕೂಡಿಹಾಕಿ ಯಾರೋ ಹೊರಗಿನಿಂದ ಚಿಲಕ ಹಾಕಿದ್ದರು. ಬಾಗಿಲ ಒಳಮೈ ತುಂಬ ಉಗುರಿನ ಗೀರು. ಅವರು ಜೀವದಂತೆ ಕಾಪಾಡಿದ್ದ ರೀಲಿನ ಡಬ್ಬಿ ಮಾಯ.

ಅದೊಂದು ಹತ್ತು ನಿಮಿಷದ ಕೌಬಾಯ್ ಮೂಕಿ ಚಿತ್ರ. ಆ ಕಾಲದ ಇಂಥ ಚಿತ್ರಗಳ ಕಥೆ ಹೇಳಬೇಕೆ? ಕುದುರೆ ಕದ್ದವನೊಬ್ಬ, ಸಿಕ್ಕಿಬೀಳುವವನು ಇನ್ನೊಬ್ಬ, ಕುತ್ತಿಗೆಗೆ ಕುಣಿಕೆ, ಕೊನೇ ಗಳಿಗೆಗೆ ಓಡಿಬರುವ ಗೆಳೆಯ.

* * *

ಟಾಕೀಸನ್ನು ಹೊಸದಾಗಿ ಕೊಂಡವರು ಸಂತೇಬೆನ್ನೂರಿನ ಅಡಿಕೆ ವ್ಯಾಪಾರಿ ಸತೀಶ್ ಕುಮಾರ್. ಸಬ್ ಇನ್ಸ್‌ಪೆಕ್ಟರ್ ನೇತ್ರಾವತಿಗೆ ಕಾಫಿ ತರಿಸಿ ಹೇಳಿಕೆ ಕೊಟ್ಟರು.

“ಒಂದು ಗಂಟೆಗೆ ನನಗೋಸ್ಕರ ಪಿಕ್ಚರ್ ಹಾಕಿದ್ರು ಮೇಡಂ. ಕೆಳಗೆ ಒಬ್ನೇ ಕೂತು ಕೊನೆತನಕ ನೋಡ್ದೆ. ಗೆಳೆಯ ಕುದುರೆ ಮ್ಯಾಲೆ ಬಂದು ಹಗ್ಗ ಕೊಯ್ತಾನೆ. ಮುಗೀತು, ಹೊರಟೆ. ಗೇಟಲ್ಲಿ ಮಹಾಂತೇಶ ಎದುರಾದ.”

“ನಾಗೇಂದ್ರಪ್ಪನವರು ಏನಾದ್ರೂ ಮಾತಾಡಿದ್ರಾ?”

“ಒಂದು ಮಾತೂ ಇಲ್ಲ. ಮೂಕಿ ಚಿತ್ರಕ್ಕೆ ಎಂಥ ಮಾತ್ರೀ?”

ಮಹಾಂತೇಶ ಇಪ್ಪತ್ತು ವರ್ಷದಿಂದ ನಾಗೇಂದ್ರಪ್ಪನವರ ಶಿಷ್ಯ. ರೀಲನ್ನು ಮ್ಯೂಸಿಯಂಗೆ ಕೊಡಬೇಡಿ ಎಂದು ಬೆಳಿಗ್ಗೆ ಗುರುವಿನ ಜೊತೆ ಜಗಳವಾಡಿದ್ದ. ಚೌಡಕ್ಕ ಅದನ್ನು ಕೇಳಿಸಿಕೊಂಡಿದ್ದಳು. ಇನ್ನೇನು ಬೇಕು? ಸಂಜೆಯೊಳಗೆ ಲಾಕಪ್ಪಿನಲ್ಲಿದ್ದ. ಅತ್ತ ಗುರುವಿನ ಬಾಯಿಗೆ ಆಕ್ಸಿಜನ್. ಅವರು ಹೋದರೆ ಇವನ ಮೇಲೆ ಕೊಲೆ ಕೇಸು.

* * *

“ಕೆಳಗಿಂದ್ಲೇ ಕೂಗಿದೆ ಮೇಡಂ. ಉತ್ತರ ಬರ್ಲಿಲ್ಲ. ಮುನಿಸ್ಕಂಡಾರೆ ಅಂತ ವಾಪಸ್ ಹೋದೆ,” ಮಹಾಂತೇಶ ಸರಳಿಗೆ ಹಣೆ ಒತ್ತಿದ. “ಮೆಟ್ಲು ಹತ್ತಿದ್ರೆ ಆಗ್ತಿತ್ತು. ಅಷ್ಟೊತ್ತಿಗೇ ಒಳಗೆ ಸಿಕ್ಕಂಡಿದ್ರೋ ಏನೋ.”

ಪೇದೆ ನಿಂಗರಾಜ್ ನಕ್ಕ. “ಪಿಕ್ಚರಲ್ಲಾದ್ರೆ ಕೊನೇಲಿ ಗೆಳೆಯ ಬರ್ತಾನೆ. ನಿಂಗೆ ಯಾರು ಬರ್ತಾರಪ್ಪಾ?”

“ಯಾವ ಗೆಳೆಯ? ಆ ರೀಲಿಗೆ ಕೊನೆನೇ ಇಲ್ಲ. ಕುಣಿಕೆ ಹಾಕೋತನಕ ಐತೆ. ಮುಂದಿಂದು ಸುಟ್ಟು ಮೂವತ್ತು ವರ್ಷ ಆತು. ಪರದೆ ಬೆಳ್ಳಗಾದ ಕೂಡ್ಲೇ ಗುರುಗಳು ಕ್ಯಾಬಿನ್ ಕಿಂಡಿಯಿಂದ ಬಾಯಲ್ಲೇ ಕಥೆ ಮುಗಿಸೋರು. ಆಟಕ್ಕೊಂದು ಕೊನೆ. ಒಂದಿನಾನೂ ತಪ್ಪಿಸಿದೋರಲ್ಲ.”

ನೇತ್ರಾವತಿ ಟೋಪಿ ಹಾಕಿಕೊಂಡು ಎದ್ದಳು.

* * *

“ಇಲ್ಲದ ಕೊನೆ ನೋಡಿದ್ರಿ. ಇದ್ದ ಮಾತು ಕೇಳಲಿಲ್ಲ,” ಎಂದಳು ಸತೀಶ್ ಕುಮಾರ್ ಎದುರು ನಿಂತು. “ಇಂಥ ಚಿತ್ರ ಎಲ್ಲಾ ಒಂದೇ ಅಂದ್ಕೊಂಡು ಊಹೆ ಮಾಡಿದ್ರಿ. ಅವತ್ತು ಆಟವೇ ನಡೀಲಿಲ್ಲ. ಆಗಲೇ ಅವರನ್ನ ಒಳಗೆ ತಳ್ಳಿ ಚಿಲಕ ಹಾಕಿದ್ರಿ. ಡಿಕ್ಕಿ ತೆಗೀರಿ.”

ಡಬ್ಬಿ ಕಾರಿನ ಡಿಕ್ಕಿಯಲ್ಲೇ ಇತ್ತು.

“ಹಳೇ ರೀಲು ಕೊಳ್ಳೋ ಮುಂಬೈನೋರಿಗೆ ಮಾರ್ತೀನಂತ ಮಾತು ಕೊಟ್ಟಿದ್ದೆ,” ಸತೀಶ್ ಕುಮಾರ್ ಬೆವರು ಒರೆಸಿಕೊಂಡರು. “ಮುದುಕ ಮ್ಯೂಸಿಯಂಗೇ ಅಂತ ಹಟ ಹಿಡ್ದ.”

* * *

ಮೂರನೇ ದಿನ ಆಸ್ಪತ್ರೆಯಲ್ಲಿ ನಾಗೇಂದ್ರಪ್ಪ ಕಣ್ಣು ಬಿಟ್ಟರು. ಮಹಾಂತೇಶ ಅವರ ಕಾಲ ಬಳಿ ಕೂತು ಮಗುವಿನಂತೆ ಅಳುತ್ತಿದ್ದ.

“ಆ ಕುಣಿಕೇಲಿದ್ದೋನು ಏನಾದ, ಅಜ್ಜಾ?” ನೇತ್ರಾವತಿ ಕೇಳಿದಳು.

ಅಜ್ಜ ಶಿಷ್ಯನ ತಲೆ ಸವರಿದರು. ಗಂಟಲು ಇನ್ನೂ ಒಡೆದಿತ್ತು.

“ಅವನು ಕದ್ದೋನಲ್ಲ ಅಂತ ಒಬ್ಬ ಹೆಣ್ಣುಮಗಳಿಗೆ ಗೊತ್ತಾಗ್ತೈತೆ. ಬಂದು ಹಗ್ಗ ಬಿಚ್ತಾಳೆ ಕಣವ್ವಾ.”